ಮನೆಯ ಮಾತಿಗೆ ಕಾದವನು

"ಬೆಳಗಾಯ್ತಾ ಕೇಪ್‌ಟೌನ್? ಫೆಬ್ರುವಾರಿ ಮಾತಾಡ್ತಾ ಇದೀನಿ. ಹೊರಗಡೆ ಯಾವ ತಿಂಗಳಾದ್ರೂ ಇರ್ಲಿ."

ಹತ್ತು ಹನ್ನೆರಡು ವರ್ಷ, ಪ್ರತಿ ಭಾನುವಾರ ಬೆಳಿಗ್ಗೆ ನನ್ನ ಗೆಳೆಯ ಆಲ್ಬನ್ ಫೆಬ್ರುವಾರಿ ತನ್ನ ರೇಡಿಯೋ ಕಾರ್ಯಕ್ರಮವನ್ನು ಹೀಗೆ ಶುರುಮಾಡುತ್ತಿದ್ದ. ಈ ಆಗಸ್ಟ್‌ನಲ್ಲಿ, ಆಫ್ರಿಕದ ಈ ತುದಿಯ ಚಳಿಗಾಲದ ಕೊನೆಯ ಮಳೆ ಹಿಡಿದಿದ್ದಾಗ, ಅವನು ಹೋದ. ಅವನ ಬಗ್ಗೆ ಬರೆಯಲು ಕೂತರೆ ಮೊದಲು ಕಿವಿಗೆ ಬೀಳುವುದು ಆ ಮಾತು. ಅದರ ಹಿಂದೆಯೇ ಒಂದು ಮೌನ ಕೇಳಿಸುತ್ತದೆ. ಆ ಮೌನದ ಕತೆ ಹೇಳಿದರೆ ಅವನ ಕತೆಯನ್ನು ಬಹುಮಟ್ಟಿಗೆ ಹೇಳಿದಂತೆಯೇ.

ಫೆಬ್ರುವಾರಿ ಎನ್ನುವುದು ಅವರ ಮನೆತನದ ಹೆಸರು. ಹಿಂದೆ ಯಾವಾಗಲೋ ಅವನ ಪೂರ್ವಿಕನೊಬ್ಬನನ್ನು ಗುಲಾಮರ ಹಡಗಿನಿಂದ ಇಳಿಸಿಕೊಂಡವರು, ಅವನ ನಿಜವಾದ ಹೆಸರು ಕೇಳುವ ಗೋಜಿಗೆ ಹೋಗದೆ, ಇಳಿದ ತಿಂಗಳನ್ನೇ ಹೆಸರಾಗಿ ಇಟ್ಟುಬಿಟ್ಟರು. ನಮ್ಮಲ್ಲಿ ಅಂಥ ಮನೆತನಗಳಿಗೆ ಬರವಿಲ್ಲ. ನಮ್ಮ ಕೇರಿಯಲ್ಲೇ ಸೆಪ್ಟೆಂಬರ್‌ಗಳಿದ್ದರು, ಏಪ್ರಿಲ್‌ಗಳಿದ್ದರು. "ನಾವೆಲ್ಲಾ ಸೇರಿದ್ರೆ ಒಂದು ಕ್ಯಾಲೆಂಡರ್ ಆಗುತ್ತೆ ಕಣೋ, ಗೋಡೆಗೆ ನೇತುಹಾಕ್ಬೋದು" ಎನ್ನುತ್ತಿದ್ದ ಆಲ್ಬನ್.

ನಾವಿಬ್ಬರೂ ಹುಟ್ಟಿದ್ದು ಬೆಟ್ಟದ ತಪ್ಪಲಿನ ಒಂದೇ ಬೀದಿಯಲ್ಲಿ. ಆ ಬೀದಿ ಬಿಳಿಯರದ್ದೆಂದು ಸರ್ಕಾರ ಸಾರಿದ ಮೇಲೆ ನಮ್ಮನ್ನೆಲ್ಲ ಲಾರಿಗೆ ಹೇರಿ ಮರಳು ಬಯಲಿಗೆ ತಂದು ಸುರಿದರು. ಆ ಬಯಲಿನ ಅಥ್ಲೋನ್‌ನಲ್ಲಿ ಎರಡು ಮನೆಗಳೂ ಮತ್ತೆ ಹತ್ತಿರಹತ್ತಿರವೇ ಸಿಕ್ಕಿದ್ದು ನಮ್ಮ ಪುಣ್ಯ. ನಾನು ಓದಿ ಗ್ರಂಥಪಾಲಕನಾದೆ. ಅವನು ಸಾಲ್ಟ್ ರಿವರ್‌ನ ಬಟ್ಟೆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸಕ್ಕೆ ಸೇರಿದ. ಚೀನಾದ ಅಂಗಿಗಳು ಬಂದು ಕಾರ್ಖಾನೆ ಮುಚ್ಚುವವರೆಗೂ ಅಲ್ಲೇ ಇದ್ದ. ಅಷ್ಟು ಹೊತ್ತಿಗೆ ಹತ್ತಿಯ ಧೂಳು ಅವನ ಎದೆಯಲ್ಲಿ ಮನೆ ಮಾಡಿಕೊಂಡಿತ್ತು. ಸ್ಯಾಕ್ಸೊಫೋನ್ ಊದುವವನಿಗೆ ಬರಬಾರದ ಕಾಯಿಲೆ ಅದು.

ರೇಡಿಯೋಗೆ ಅವನನ್ನು ಕರೆದೊಯ್ದವನು ನಾನೇ. ನಮ್ಮದು ಕೇಳುಗರ ದೇಣಿಗೆಯಿಂದ ನಡೆಯುವ ನಿಲಯ. ಹಗಲೆಲ್ಲ ಪಿಯಾನೊ, ಪಿಟೀಲುಗಳ ಶಾಸ್ತ್ರೀಯ ಸಂಗೀತ; ಸಂಜೆಯಾದ ಮೇಲೆ ಜಾಝ್. ನಮ್ಮಲ್ಲಿ ಮುಕ್ಕಾಲು ಪಾಲು ಜನ ಸಂಬಳವಿಲ್ಲದೆ, ಪ್ರೀತಿಗಾಗಿ ಮಾತಾಡುವವರು. ನಿಲಯದ ಮುಖ್ಯಸ್ಥೆ ಹಿಲರಿ ಆಲ್ಬನ್‌ನ ದನಿ ಕೇಳಿದ್ದೇ ಒಪ್ಪಿಕೊಂಡಳು. ಭಾನುವಾರ ಬೆಳಿಗ್ಗೆ, ಊರಿನ ಜನ ಬೀದಿಯ ಆಂಟಿಯರ ಹತ್ತಿರ ಕೊಬ್ಬರಿ ಉದುರಿಸಿದ ಬಿಸಿ ಸಿಹಿ ವಡೆ, ಕೊಯಿಸಿಸ್ಟರ್, ಕೊಳ್ಳುವ ಹೊತ್ತು, ಅವನದಾಯಿತು.

ಅವನು ಮಾಡಿದ ಮೊದಲ ಕೆಲಸ ಆ ಸಂಜೆ–ಹಗಲಿನ ಬೇಲಿಯನ್ನು ಕಿತ್ತದ್ದು. ಬಾಖ್‌ನ ಚೆಲ್ಲೋ ಮುಗಿಯುತ್ತಿದ್ದಂತೆ ನಮ್ಮೂರಿನ ಯಾವುದೋ ಕ್ಲಬ್ಬಿನ ಜಾಝ್ ಪಿಯಾನೊ. ಅದರ ಬೆನ್ನಿಗೆ ಇನ್ನೊಬ್ಬ ಹಳೆಯ ಜರ್ಮನ್ ಸಂಗೀತಗಾರ. ಸ್ಯಾಕ್ಸೊಫೋನ್ ಯಾಕೆ ಹಾಕಿದಿರಿ ಎಂದು ಸಿರಿವಂತರ ಬಡಾವಣೆ ಕಾನ್‌ಸ್ಟಾನ್ಷಿಯಾದ ಹೆಂಗಸರು ಫೋನ್ ಮಾಡುತ್ತಿದ್ದರು. ಪಿಟೀಲು ಯಾಕೆ ಹಾಕಿದೆ ಎಂದು ನಮ್ಮ ಕೇರಿಯ ಗಂಡಸರು ಬೇಕರಿಯ ಮುಂದೆ ತಡೆದು ಕೇಳುತ್ತಿದ್ದರು.

"ಅರ್ಧ ಜನ ಅರ್ಧ ಹೊತ್ತು ಬೈತಾರೆ," ಎಂದು ಅವನು ಸಂತೋಷದಿಂದ ಹೇಳುತ್ತಿದ್ದ. "ಲೆಕ್ಕ ಹಾಕು ಲೈಬ್ರರಿ, ಯಾವಾಗ್ಲೂ ಅರ್ಧ ಜನ ಖುಷಿಯಾಗಿರ್ತಾರೆ." ನಾನು ಆ ಕೆಲಸ ಬಿಟ್ಟು ಎಷ್ಟು ವರ್ಷವಾದರೂ ಅವನ ಬಾಯಲ್ಲಿ ನಾನು ಲೈಬ್ರರಿಯೇ.

ಎಲ್ಲರೂ ಕೇಳುತ್ತಿದ್ದ ಆ ಕಾರ್ಯಕ್ರಮವನ್ನು ಒಬ್ಬ ಮಾತ್ರ ಕೇಳುತ್ತಿರಲಿಲ್ಲ. ಅವನ ಅಪ್ಪ.

ಜೋಸಾಯಾ ಫೆಬ್ರುವಾರಿಯನ್ನು ಊರಿಗೆ ಊರೇ ಕ್ಯಾಪ್ಟನ್ ಎನ್ನುತ್ತಿತ್ತು. ಸೈನ್ಯದ ಕ್ಯಾಪ್ಟನ್ ಅಲ್ಲ, ಬೆಥೆಸ್ದಾ ಕ್ರಿಸ್‌ಮಸ್ ಬ್ಯಾಂಡಿನ ಕ್ಯಾಪ್ಟನ್. ನಮ್ಮ ಜನಕ್ಕೆ ಕ್ರಿಸ್‌ಮಸ್ ಬರುವುದು ಬ್ಯಾಂಡಿನ ಕಾಲಲ್ಲಿ. ಇಸ್ತ್ರಿ ಮಾಡಿದ ಕೋಟು, ಬಿಳಿ ಪ್ಯಾಂಟು, ಹ್ಯಾಟು. ಸ್ಯಾಕ್ಸೊಫೋನು, ಟ್ರಂಪೆಟ್ಟು, ಬ್ಯಾಂಜೊ, ಕುತ್ತಿಗೆಗೆ ಪಟ್ಟಿ ಕಟ್ಟಿ ಹೊತ್ತ ಚೆಲ್ಲೋ. ಬೀದಿಯ ತಿರುವಿನಲ್ಲಿ ಸಾಲು ಕಟ್ಟಿ, ನುಡಿಸುತ್ತಲೇ ನಡೆದು, ಮನೆಯ ಬಾಗಿಲಿಗೆ ಬರುತ್ತಾರೆ. ಅಲ್ಲಿ ನಿಂತು ಒಂದು ಸ್ತೋತ್ರ ನುಡಿಸುತ್ತಾರೆ. ಸ್ತೋತ್ರ ಮುಗಿದ ಕೂಡಲೇ ಹ್ಯಾಟು ತೆಗೆದು ತಲೆ ತಗ್ಗಿಸಿ ನಿಲ್ಲಬೇಕು. ಆಗ ಮನೆಯ ಯಜಮಾನ ಮಾತಾಡಬೇಕು. ದೇವರಿಗೆ ಎರಡು ಮಾತು, ಬಂದವರಿಗೆ ಎರಡು ಮಾತು. ಅದಾದ ಮೇಲೆಯೇ ಕೇಕು, ಜಿಂಜರ್ ಬಿಯರು ಹರಡಿದ ಮೇಜಿನ ಕಡೆಗೆ ಹೆಜ್ಜೆ. ಯಜಮಾನ ಮಾತಾಡುವ ತನಕ ಯಾರೂ ಉಸಿರೆತ್ತುವಂತಿಲ್ಲ, ಕೆಮ್ಮುವಂತೆಯೂ ಇಲ್ಲ.

ಒಂದು ವರ್ಷ ಮಗನನ್ನು ಕಳೆದುಕೊಂಡವನೊಬ್ಬನ ಮನೆಗೆ ಬ್ಯಾಂಡು ಹೋಗಿತ್ತು. ಸ್ತೋತ್ರ ಮುಗಿಯಿತು. ಆ ಮನುಷ್ಯನ ಬಾಯಿಂದ ಮಾತು ಹೊರಡಲಿಲ್ಲ. ಕೋಟುಗಳನ್ನು ಕಿತ್ತೊಯ್ಯುವಂಥ ಗಾಳಿಯಲ್ಲಿ ಬ್ಯಾಂಡು ನಿಂತೇ ಇತ್ತು. ಹಿಂದಿನಿಂದ ಯಾರೋ "ಹೋಗೋಣ್ವಾ ಕ್ಯಾಪ್ಟನ್?" ಎಂದು ಪಿಸುಗುಟ್ಟಿದರು. ಕ್ಯಾಪ್ಟನ್ ತಲೆ ಎತ್ತದೆಯೇ ಹೇಳಿದ ಮಾತು ಆಮೇಲೆ ನಮ್ಮಲ್ಲಿ ಗಾದೆಯೇ ಆಯಿತು: "ಮನೆ ಮಾತಾಡೋ ತನಕ ನಾವು ಬರೀ ಗಾಳಿ ಊದ್ದವರು."

ಆಲ್ಬನ್ ಬಾಲ್ಯದಿಂದ ಆ ಬ್ಯಾಂಡಿನಲ್ಲಿದ್ದ. ಹದಿನೈದರ ವಯಸ್ಸಿನಲ್ಲಿ ಜಾಝ್ ಕಿವಿಗೆ ಬಿದ್ದಿತ್ತು. ಆ ಕ್ರಿಸ್‌ಮಸ್ಸಿಗೆ ಸ್ತೋತ್ರದ ಕೊನೆಯ ಸಾಲಿನಲ್ಲಿ ಒಂದು ಸ್ವರವನ್ನು ನೇರವಾಗಿ ಹಿಡಿಯದೆ, ಕೆಳಗಿನಿಂದ ಜಾರಿಸಿಕೊಂಡು ಮೇಲೆ ಹತ್ತಿದ. ಚೆನ್ನಾಗಿಯೇ ಇತ್ತು. ಕ್ಯಾಪ್ಟನ್ ಕೋಲು ಎತ್ತಿದರು. ಬ್ಯಾಂಡು ನಿಂತಿತು.

"ಯಾರದು ದೇವರ ಮುಂದೆ ಸೊಂಟ ಕುಣಿಸಿದ್ದು?"

ಗೊತ್ತಿದ್ದೇ ಕೇಳಿದ ಪ್ರಶ್ನೆ. ಆ ವರ್ಷ ಉಳಿದ ಮನೆಗಳಿಗೆಲ್ಲ ಆಲ್ಬನ್ ಬ್ಯಾಂಡಿನ ಹಿಂದೆ ಬಾವುಟ ಹೊತ್ತುಕೊಂಡು ನಡೆದ. ಆಮೇಲೆ ವರ್ಷಗಟ್ಟಲೆ ಬ್ಯಾಂಡಿನಲ್ಲಿ ಸ್ವರ ಜಾರಿಸಲಿಲ್ಲ. ಅದಕ್ಕೆಂದೇ ಅಥ್ಲೋನ್‌ನ ಕ್ಲಬ್ಬುಗಳಿದ್ದವು. ಶನಿವಾರ ಜಾರಿಸು, ಭಾನುವಾರ ನೆಟ್ಟಗೆ ನಡೆ, ಎಂದು ಬದುಕನ್ನು ಎರಡು ಮಾಡಿಕೊಂಡ. ಅಪ್ಪ ಮಗ ಮಾತಾಡುತ್ತಿದ್ದರು, ಜಗಳವೇನಿರಲಿಲ್ಲ. ಆದರೆ ರೇಡಿಯೋ ಎಂದರೆ ಕ್ಯಾಪ್ಟನ್ ಮುಖ ಸಿಂಡರಿಸುತ್ತಿದ್ದರು. "ನಿನ್ನ ರೇಡಿಯೋದಲ್ಲಿ ಎಲ್ರ ಮನೆ ಸಂಗೀತಾನೂ ಬರುತ್ತೆ. ನಮ್ಮ ಬೀದೀದು ಬಿಟ್ಟು."

ಈ ಮಾತು ಆಲ್ಬನ್‌ಗೆ ಚುಚ್ಚುತ್ತಿತ್ತು. ಯಾಕೆಂದರೆ ಅದು ನಿಜ.

ತೊಂಬತ್ತು ದಾಟಿದ ಮೇಲೆ ಕ್ಯಾಪ್ಟನ್ ಬಿದ್ದು ಸೊಂಟ ಮುರಿದುಕೊಂಡರು. ಕೊಲ್ಲಿಯ ಆಚೆ ದಡದಲ್ಲಿರುವ ಒಂದು ಆರೈಕೆಯ ಮನೆಗೆ ಸೇರಿಸಬೇಕಾಯಿತು. ಎದ್ದು ನಡೆಯುವ ಮಾತೇ ಇರಲಿಲ್ಲ. ಆ ಡಿಸೆಂಬರಿಗೆ ಅವರಿಗಿದ್ದ ಆಸೆ ಒಂದೇ, ಬ್ಯಾಂಡು ತಮ್ಮ ಬಾಗಿಲಿಗೆ ಬರಬೇಕು. ಆಲ್ಬನ್ ಹೋಗಿ ಕೇಳಿದ. ಅಲ್ಲಿಯವರು ಮರ್ಯಾದೆಯಿಂದಲೇ ಇಲ್ಲವೆಂದರು. ಪಕ್ಕಪಕ್ಕದ ಕೋಣೆಗಳಲ್ಲಿ ಹೃದಯದ ಕಾಯಿಲೆಯವರು, ಓಣಿಯಲ್ಲಿ ಟ್ರಂಪೆಟ್ ಊದಿದರೆ ಗತಿಯೇನು? ಅವರದೂ ತಪ್ಪಲ್ಲ.

ಅವತ್ತು ಆಲ್ಬನ್‌ನ ಹೆಂಡತಿ ಡೆಲೀನ್ ಹುರಿದ ಮೀನಿನ ಪಲ್ಯ ಬಡಿಸುತ್ತಿದ್ದಳು. ಆಲ್ಬನ್ ತಟ್ಟೆ ಮುಟ್ಟದೆ ಕೂತಿದ್ದ.

"ಇನ್ನೊಂದು ಕ್ರಿಸ್‌ಮಸ್ ನೋಡಲ್ಲ ಅಪ್ಪ," ಎಂದ. "ಬಾಗಿಲಿಗೆ ಬ್ಯಾಂಡ್ ಬರದೇನೇ ಹೋಗ್ಬಿಡ್ತಾರೆ."

"ಬಾಗಿಲಿಂದ ಬಿಡದೇ ಇದ್ರೆ ಕಿಟಕೀಲಿ ಕಳಿಸು," ಎಂದಳು ಡೆಲೀನ್. "ನಿನ್ನ ರೇಡಿಯೋಗೆ ಬಾಗಿಲು ಯಾಕೆ ಬೇಕು? ಮೊದ್ಲು ಊಟ ಮಾಡು."

ಹಿಲರಿಯ ಕೋಣೆಗೆ ನಾವಿಬ್ಬರೂ ಹೋದೆವು. ಕ್ರಿಸ್‌ಮಸ್ಸಿನ ಹಿಂದಿನ ಭಾನುವಾರ ಬೆಥೆಸ್ದಾ ಬ್ಯಾಂಡು ನಿಲಯಕ್ಕೇ ಬಂದು ನೇರ ಪ್ರಸಾರದಲ್ಲಿ ನುಡಿಸುವುದು ಎಂದು ಆಲ್ಬನ್ ಹೇಳಿದ.

"ಆಲ್ಬನ್, ನಾವು ಹಾಕೋದು ಕ್ಲಾಸಿಕಲ್ಲು, ಜಾಝ್. ಇದು ಯಾವುದು?"

"ಮೇಡಂ, ಬಾಖ್ ಯಾರು? ಚರ್ಚಿನ ಬ್ಯಾಂಡ್‌ಮೇಷ್ಟ್ರು. ಈ ಊರಲ್ಲಿ ಜಾಝ್ ನುಡಿಸೋರು ಮೊದ್ಲು ಊದೋಕೆ ಕಲಿತಿದ್ದೆಲ್ಲಿ? ಕ್ರಿಸ್‌ಮಸ್ ಬ್ಯಾಂಡಲ್ಲಿ. ಇದು ಎರಡಕ್ಕೂ ಅಜ್ಜಿ ಮನೆ."

ಹಿಲರಿ ನಕ್ಕಳು. ಆಮೇಲೆ ಗಂಭೀರವಾದಳು. "ನೇರ ಪ್ರಸಾರದಲ್ಲಿ ಏನು ಬೇಕಾದ್ರೂ ತಪ್ಪಾಗ್ಲಿ, ಪರವಾಗಿಲ್ಲ. ಸದ್ದು ಮಾತ್ರ ನಿಲ್ಲಬಾರ್ದು. ಸದ್ದು ನಿಂತ್ರೆ ಕೇಳೋರು ನಿಲಯ ಸತ್ತೋಯ್ತು ಅಂತ ತಿಳ್ಕೊತಾರೆ. ಹಾಗೇನಾದ್ರೂ ಆದ್ರೆ ಮುಂದಿನ ವರ್ಷ ಬ್ಯಾಂಡೂ ಇಲ್ಲ, ಬಾವುಟಾನೂ ಇಲ್ಲ."

ಸದ್ದು ನಿಲ್ಲದಂತೆ ಕಾಯಲು ನಮ್ಮಲ್ಲಿ ಒಂದು ಯಂತ್ರವೂ ಇದೆ. ಸ್ವಲ್ಪ ಹೊತ್ತು ಮೌನವಾದರೆ ಸಾಕು, ತಾನಾಗಿಯೇ ಒಂದು ಲವಲವಿಕೆಯ ಪಿಟೀಲು ಸಂಗೀತ ಹಾಕಿಬಿಡುತ್ತದೆ.

ಆ ಭಾನುವಾರ ಧ್ವನಿಯ ಕೆಲಸ ನೋಡುತ್ತಿದ್ದ ಫುಮ್ಲಾ, ಸ್ಟುಡಿಯೋದಲ್ಲಿ ಅಚ್ಚುಕಟ್ಟಾಗಿ ಕುರ್ಚಿ ಹಾಕಿ, ಒಂದೊಂದರ ಮುಂದೂ ಮೈಕು ನಿಲ್ಲಿಸಿದ್ದಳು. ಬ್ಯಾಂಡಿನವರು ಬಂದು ಕೂತರು. ಪರೀಕ್ಷೆಗೆಂದು, ಬೀದಿಯಲ್ಲಿ ನಡೆಯುವಾಗಿನ ಒಂದು ನಡೆ ನುಡಿಸಿದರು. ಕೇಳುವಂತಿರಲಿಲ್ಲ. ಟ್ರಂಪೆಟ್ಟು ಒಂದು ಕಡೆ, ಬ್ಯಾಂಜೊ ಒಂದು ಕಡೆ. ಒದ್ದೆ ಬಟ್ಟೆಯಂಥ ಸಂಗೀತ.

"ಏನಾಯ್ತು ಅಂಕಲ್‌ಗಳಾ, ತಿಂಡಿ ಆಗಿಲ್ವಾ?" ಎಂದಳು ಫುಮ್ಲಾ.

"ತಾಳ ನಮ್ಮ ಕಾಲಲ್ಲಿದೆ ಕಣಮ್ಮಾ," ಎಂದ ಚೆಲ್ಲೋ ಹೊತ್ತ ಮುದುಕ. "ಕೂರಿಸ್ಬಿಟ್ಟೆಯಲ್ಲ."

ಕೊನೆಗೆ ಕುರ್ಚಿಗಳೆಲ್ಲ ಓಣಿಗೆ ಹೋದವು. ಬ್ಯಾಂಡು ಕಾರು ನಿಲ್ಲಿಸುವ ಅಂಗಳದ ತುದಿಯಲ್ಲಿ ಸಾಲು ಕಟ್ಟಿತು. ಫುಮ್ಲಾ ಕಟ್ಟಡದ ಬಾಗಿಲನ್ನು ಕಸದ ಬುಟ್ಟಿ ಇಟ್ಟು ತೆರೆದು, ಹೊಸ್ತಿಲ ಬಳಿ ಮೈಕು ಹಿಡಿದು ನಿಂತಳು. ಆಲ್ಬನ್ ಒಳಗಿನಿಂದ ಎರಡು ಮಾತಾಡಿದ. ಅಪ್ಪನ ಹೆಸರು ಹೇಳಲಿಲ್ಲ. "ಕೊಲ್ಲಿಯಾಚೆ ಒಂದು ಮನೆಗೆ ಹೊರಟಿದೀವಿ. ಬಾಗಿಲು ತೆಗೆದಿಟ್ಟುಕೊಳ್ಳಿ" ಎಂದಷ್ಟೇ. ಆಮೇಲೆ ಹೆಡ್‌ಫೋನ್ ಕಳಚಿ, ಬ್ಯಾಂಡಿನ ಕೋಟು ತೊಟ್ಟು, ಹ್ಯಾಟು ಇಟ್ಟು, ಸ್ಯಾಕ್ಸೊಫೋನ್ ಕೊರಳಿಗೆ ಹಾಕಿಕೊಂಡು ಹೊರಗೆ ನಡೆದ. ಡಾಕ್ಟರು ಬೇಡವೆಂದಿದ್ದರು. ಡೆಲೀನ್‌ಗೂ ಅದು ಗೊತ್ತಿತ್ತು, ನನಗೂ. ಇಬ್ಬರೂ ತಡೆಯಲಿಲ್ಲ.

ದೂರದಿಂದ ಸಣ್ಣಗೆ ಶುರುವಾದ ನಡೆ ಹತ್ತಿರ ಹತ್ತಿರ ಬಂತು. ಬೂಟುಗಳ ಸದ್ದೂ ಕೇಳುತ್ತಿತ್ತು. ಅದೇ ಮುದುಕರು, ಅದೇ ವಾದ್ಯ. ಈಗ ಆ ಸಂಗೀತಕ್ಕೆ ನೆಟ್ಟನೆಯ ಬೆನ್ನುಮೂಳೆ ಬಂದಿತ್ತು. ಕಾವಲಿನವನು ತನಗರಿವಿಲ್ಲದೆ ಸೆಲ್ಯೂಟ್ ಹೊಡೆದ. ಹೊಸ್ತಿಲಲ್ಲಿ ಬಂದು ನಿಂತು, ಸ್ತೋತ್ರ ಎತ್ತಿಕೊಂಡರು. ನಿಧಾನವಾಗಿ, ಒಂದು ಕೂದಲೆಳೆಯಷ್ಟೂ ಅತ್ತಿತ್ತ ಹೋಗದೆ. ಕೊನೆಯ ಸಾಲಿನಲ್ಲಿ ಆಲ್ಬನ್ ಸ್ವರವನ್ನು ಜಾರಿಸಿದ. ಕೆಳಗಿನಿಂದ ಮೇಲಕ್ಕೆ, ಐವತ್ತು ವರ್ಷಗಳ ಹಿಂದಿನ ಅದೇ ಜಾಗದಲ್ಲಿ. ಬೇಕೆಂದೇ ಜಾರಿಸಿದನೋ, ಉಸಿರು ಸಾಲದೆ ಜಾರಿತೋ, ನಾನು ಕೇಳಲಿಲ್ಲ.

ಸ್ತೋತ್ರ ಮುಗಿಯಿತು. ಎಲ್ಲರೂ ಹ್ಯಾಟು ತೆಗೆದು ತಲೆ ತಗ್ಗಿಸಿದರು.

ಮೌನ.

ಈಗ ಆಲ್ಬನ್ ಮೈಕಿಗೆ ಮಾತಾಡಬೇಕಿತ್ತು. ಕಾರ್ಯಕ್ರಮ ಅವನದು. ಅವನು ಮಾತ್ರ ಹ್ಯಾಟನ್ನು ಎದೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತೇ ಇದ್ದ. ಫುಮ್ಲಾ ಕೈ ಬೀಸಿದಳು. ಗಾಜಿನ ಹಿಂದಿನಿಂದ ಹಿಲರಿ ಎರಡೂ ಕೈ ಬೀಸಿದಳು. ನಾನು ಕೆಮ್ಮಬೇಕೆಂದುಕೊಂಡೆ. ಚಿಕ್ಕಂದಿನಿಂದ ಬಂದ ಭಯ, ನಾನೂ ತಲೆ ತಗ್ಗಿಸಿದೆ. ಬ್ಯಾಂಡಿನವರಂತೂ ಕಲ್ಲು. ಅವರಿಗೆ ಇದರಲ್ಲಿ ತಪ್ಪೇನೂ ಕಾಣಿಸಿರಲಿಲ್ಲ. ಮನೆ ಇನ್ನೂ ಮಾತಾಡಿರಲಿಲ್ಲ.

ಅಷ್ಟರಲ್ಲಿ ಯಂತ್ರ ತನ್ನ ಕೆಲಸ ಮಾಡಿತು. ಇಡೀ ಕೇಪ್‌ಟೌನಿನ ಮೇಲೆ ಪಿಟೀಲುಗಳು ಕುಣಿಯತೊಡಗಿದವು.

"ಆಲ್ಬನ್!" ಹಿಲರಿ ಬಾಗಿಲಿಗೇ ಬಂದಳು. "ಏನು ಮಾಡ್ತಾ ಇದ್ದೆ ನೀನು?"

ಅವನು ಕಣ್ಣು ಬಿಟ್ಟು, ನಿದ್ದೆಯಿಂದೆದ್ದವನಂತೆ ಸುತ್ತ ನೋಡಿದ. "ಅಪ್ಪ ಮಾತಾಡ್ಲಿ ಅಂತ ಕಾಯ್ತಾ ಇದ್ದೆ," ಎಂದ.

ಹೇಳಿದ ಮೇಲೆ ಅವನಿಗೇ ಹೊಳೆಯಿತು. ರೇಡಿಯೋದಲ್ಲಿ ಇಲ್ಲಿಂದ ಅಲ್ಲಿಗೆ ದಾರಿಯಿದೆ, ಅಲ್ಲಿಂದ ಇಲ್ಲಿಗಿಲ್ಲ. ಹೊಸ್ತಿಲ ಮೇಲೆಯೇ ಕುಸಿದು ಕೂತ. "ಇಷ್ಟು ವರ್ಷ ರೇಡಿಯೋದಲ್ಲಿದ್ದೂ ಕತ್ತೆ ನಾನು," ಎಂದ. "ಹಾಳ್ಮಾಡ್ಬಿಟ್ಟೆ ಲೈಬ್ರರಿ. ಅವರ ಕಿವಿಗೆ ಸ್ತೋತ್ರದ ಮೇಲೆ ಪಿಟೀಲು ಬಿತ್ತು." ಹಿಲರಿ ಬೈಯಲು ಬಂದವಳು ನೀರು ತರಲು ಹೋದಳು.

ಆರೈಕೆಯ ಮನೆಯ ನರ್ಸ್ ಫೋನ್ ಮಾಡಿದ್ದು ಆಮೇಲೆ. ಅವಳು ಹೇಳಿದ್ದು ನಮಗೆಲ್ಲ ಕೇಳುವಂತೆ ಆಲ್ಬನ್ ಫೋನನ್ನು ಎತ್ತಿ ಹಿಡಿದಿದ್ದ.

"ನೀವು ಹೇಳಿದ ಹಾಗೆ ರೇಡಿಯೋ ಹಾಕಿದ್ದೆ, ನಿಮ್ಮ ತಂದೆ ಬೆಳಿಗ್ಗೆಯಿಂದ ಕೋಟು ಹಾಕ್ಕೊಂಡು ಕೂತಿದ್ರು ಸಾರ್. ಬ್ಯಾಂಡು ಕೇಳಿಸಿದ್ದೇ ಬಾಗಿಲು ತೆಗಿ ಅಂದ್ರು. ತೆಗೆದೆ. ಕೊನೇಲಿ ಒಂದು ಕಡೆ ಏನೋ ಒಂಥರಾ ಜಾರ್ತಲ್ಲ, ಆಗ, 'ಅದು ನನ್ನ ಮಗ' ಅಂದ್ರು. ಆಮೇಲೆ ನಿಂತ್ಕೋಬೇಕು ಅಂತ ಹಟ. ಇಬ್ರು ಹಿಡ್ಕೊಂಡ್ವಿ. ಹಾಡು ನಿಂತ ಕೂಡ್ಲೇ ಏನೇನೋ ಮಾತಾಡೋಕೆ ಶುರು ಮಾಡಿದ್ರು, ದೊಡ್ಡದಾಗಿ, ಪಾದ್ರಿಗಳ ಥರ. ಪಕ್ಕದ ಕೋಣೆಯೋರೆಲ್ಲ ಬಂದು ನಿಂತ್ರು."

ಆ ಮಧ್ಯಾಹ್ನವೇ ಆಲ್ಬನ್, ಡೆಲೀನ್, ನಾನು ಮೂವರೂ ಹೋದೆವು. ಕ್ಯಾಪ್ಟನ್ ಕೋಟು ಬಿಚ್ಚಿರಲಿಲ್ಲ. ಮಗನನ್ನು ಮೇಲಿಂದ ಕೆಳಗೆ ನೋಡಿದರು.

"ಆ ಪಿಟೀಲಿನವನು ಯಾವನೋ?"

"ಅದು... ಯಂತ್ರ ಅಪ್ಪಾ."

"ಸಂಸ್ಕಾರ ಇಲ್ಲ ಅವನಿಗೆ. ನಾನಿನ್ನೂ ಮಾತು ಮುಗಿಸಿರ್ಲಿಲ್ಲ."

ಆಲ್ಬನ್ ನಗಲು ಹೋಗಿ ಕೆಮ್ಮಿದ, ಕೆಮ್ಮಿ ಅತ್ತ. ಮುದುಕ ಅವನ ತಲೆಯ ಮೇಲೆ ಕೈ ಇಟ್ಟು, ಕಿಟಕಿಯ ಕಡೆ ತಿರುಗಿಕೊಂಡು ಹೇಳಿದರು: "ಆ ಸ್ವರ. ಈಗ್ಲೂ ಸೊಂಟ ಕುಣಿಸ್ತೀಯ. ಇರ್ಲಿ. ಅದಿಲ್ದೇ ಇದ್ರೆ ನೀನು ಅಂತ ಹೆಂಗೆ ಗೊತ್ತಾಗೋದು?"

ಜೂನಿನ ಚಳಿಗಾಲ ಬರುವ ಮುಂಚೆ ಕ್ಯಾಪ್ಟನ್ ತೀರಿಕೊಂಡರು.

ಮುಂದಿನ ಡಿಸೆಂಬರ್‌ನಲ್ಲಿ ಬ್ಯಾಂಡಿಗೆ ಹೇಳಿಕಳುಹಿಸಿದವಳು ಹಿಲರಿಯೇ. ಆ ಭಾನುವಾರದ ಮೌನದ ಬಗ್ಗೆ ಬೈಗುಳ ಬಂದಿದ್ದವು, ನಿಜ. ಅವುಗಳಿಗಿಂತ ಹೆಚ್ಚು ಫೋನ್ ಬಂದದ್ದು ಬೇರೆಯ ಜನರಿಂದ. "ನಮ್ಮ ಮನೇಲಿ ನಾವೂ ಎದ್ದು ನಿಂತು ಮಾತಾಡ್ತಿದ್ವಿ, ನಡುವೆ ಪಿಟೀಲು ಯಾಕೆ ಹಾಕಿದ್ರಿ?" ಎಂದು. ಅಂದಿನಿಂದ ಪ್ರತಿ ವರ್ಷ ಬ್ಯಾಂಡಿನ ಸ್ತೋತ್ರದ ಹೊತ್ತಿಗೆ ಫುಮ್ಲಾ ಯಂತ್ರವನ್ನು ಆರಿಸಿ, ಅದರ ಮೇಲೆ ತನ್ನ ಟೋಪಿ ಮುಚ್ಚಿಡುತ್ತಾಳೆ. ಊರು ತನ್ನ ಮಾತು ಮುಗಿಸುವ ತನಕ ನಮ್ಮ ನಿಲಯ ಸುಮ್ಮನಿರುತ್ತದೆ. ಎಷ್ಟು ಹೊತ್ತು ಎನ್ನುವುದನ್ನು ಆಲ್ಬನ್ ತೀರ್ಮಾನಿಸುತ್ತಿದ್ದ. ಹೇಗೆ ಗೊತ್ತಾಗುತ್ತದೆ ನಿನಗೆ ಎಂದು ಒಮ್ಮೆ ಕೇಳಿದೆ. "ಅಪ್ಪ ಎಷ್ಟು ಹೊತ್ತು ಮಾತಾಡ್ತಿದ್ರು ಅಂತ ನಂಗೆ ಗೊತ್ತಿಲ್ವಾ," ಎಂದ.

ಅವನು ಕೊನೆಯ ಎರಡು ವರ್ಷ ಊದಲಿಲ್ಲ. ಮೂಗಿಗೆ ನಳಿಕೆ ಸಿಕ್ಕಿಸಿಕೊಂಡೇ ಸ್ಟುಡಿಯೋಗೆ ಬರುತ್ತಿದ್ದ. ಆಮ್ಲಜನಕದ ಸಿಲಿಂಡರಿಗೆ ತಾನೇ ಒಂದು ಕೋಟು ಹೊಲಿದಿದ್ದ, ಬ್ಯಾಂಡಿನ ಬಣ್ಣದ್ದು, ಜೇಬು ಸಮೇತ. "ಹೊಸ ಸದಸ್ಯ," ಎಂದು ಪರಿಚಯ ಮಾಡಿಸುತ್ತಿದ್ದ. "ಗಾಳಿ ಚೆನ್ನಾಗಿದೆ, ತಾಳ ಇನ್ನೂ ಬರ್ಬೇಕು."

ಮಣ್ಣಿಗೆ ಒಯ್ಯುವ ದಿನ ಬ್ಯಾಂಡು ಅವನ ಮನೆಗೆ ಬಂತು. ಮಳೆ ಬಿಟ್ಟಿತ್ತು. ಬೀದಿಯ ತಿರುವಿನಿಂದ ನಡೆದುಬಂದು ಗೇಟಿನ ಒಳಗೆ ನಿಂತು, ಅದೇ ಸ್ತೋತ್ರ ನುಡಿಸಿದರು. ಕೊನೆಯ ಸಾಲಿನ ಆ ಜಾಗದಲ್ಲಿ ಸ್ಯಾಕ್ಸೊಫೋನುಗಳು ನೆಟ್ಟಗೆ ಹೋದವು. ಯಾರೂ ಜಾರಿಸಲಿಲ್ಲ. ಅದು ಅವನ ಜಾಗವೆಂದು ಖಾಲಿ ಬಿಟ್ಟಂತಿತ್ತು. ಹ್ಯಾಟುಗಳು ಇಳಿದವು.

ಆಗಲೇ ನಮಗೆ ಹೊಳೆದದ್ದು. ಈ ಮನೆಯಲ್ಲಿ ಮಾತಾಡುತ್ತಿದ್ದವನು ಅವನೇ. ಯಾರು ಮಾತಾಡಬೇಕೆಂದು ಯಾರೂ ಯೋಚಿಸಿರಲಿಲ್ಲ. ಹೆಂಗಸರು ಮಾತಾಡಿದ್ದನ್ನು ನಾನೆಂದೂ ಕಂಡಿಲ್ಲ. ಡೆಲೀನ್‌ಳ ಅಣ್ಣ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. ಬ್ಯಾಂಡು ಕಾಯುತ್ತ ನಿಂತಿತ್ತು. ಪಕ್ಕದ ಮನೆಯ ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಇಲ್ಲಿ ಯಾವ ಯಂತ್ರವೂ ಪಿಟೀಲು ಹಾಕುವುದಿಲ್ಲ.

ಡೆಲೀನ್ ಬಾಗಿಲಿಗೆ ಬಂದು ನಿಂತಳು. ತುಟಿ ಒದ್ದೆ ಮಾಡಿಕೊಂಡು, ಕಪ್ಪು ಕೋಟಿನ ಗುಂಡಿ ಹಾಕಿ, ಬಿಚ್ಚಿ, ಮತ್ತೆ ಹಾಕಿದಳು.

"ಬೆಳಗಾಯ್ತಾ?" ಎಂದಳು. ದನಿ ಒಮ್ಮೆ ಒಡೆಯಿತು, ಮತ್ತೆ ಕೂಡಿಕೊಂಡಿತು. "ಫೆಬ್ರುವಾರಿ ಮಾತಾಡ್ತಾ ಇದೀನಿ. ದೇವರೇ, ಅವನ ಉಸಿರು ನೀನೇ ಕೊಟ್ಟಿದ್ದು, ಸ್ವಲ್ಪ ಕಮ್ಮಿ ಕೊಟ್ಟೆ. ಆದ್ರೂ ಅಷ್ಟರಲ್ಲೇ ಚೆನ್ನಾಗಿ ಊದ್ದ. ನೀವೆಲ್ಲ ಬಂದ್ರಿ, ಒಳ್ಳೇದಾಯ್ತು. ಒಳಗೆ ಬನ್ನಿ, ಚಹಾ ಆರ್ತಾ ಇದೆ."

"ಆಮೆನ್," ಎಂದಿತು ಬ್ಯಾಂಡು. ಹ್ಯಾಟುಗಳನ್ನು ಕೈಯಲ್ಲೇ ಹಿಡಿದು, ಬೂಟು ಒರೆಸಿಕೊಂಡು, ಒಬ್ಬೊಬ್ಬರಾಗಿ ಒಳಗೆ ಹೋದರು.